ಭಾಷೆ ಎಂದರೇನು ಎಂಬುದರ ಉತ್ತರ ಬದಲಾದ ಬಗೆ: ಅನ್ವಯಿಕ ಭಾಷಾವಿಜ್ಞಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾಷಾ ಶಿಕ್ಷಕರು, ಎಂ.ಎ. ವಿದ್ಯಾರ್ಥಿಗಳು, ಹೊಸದಾಗಿ ಸಂಶೋಧನೆಗೆ ಇಳಿದವರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಓದುವಾಗ ಒಂದು ಎಳೆಯನ್ನು ಕೈಬಿಡಬೇಡಿ. ಯಾವುದೋ ಒಂದು ಕಾಲದ ವಿದ್ವಾಂಸರು ಭಾಷೆಯನ್ನು ಏನೆಂದು ತಿಳಿದಿದ್ದರು ಎಂದು ಅರಿಯಬೇಕಾದರೆ ಅವರು ಕೊಟ್ಟ ವ್ಯಾಖ್ಯೆಗಿಂತ, ಕಲಿಯುವವರ ಮಾತಿನಲ್ಲಿ ಅವರು ಯಾವುದನ್ನು ತಪ್ಪು ಎಂದು ಎಣಿಸಿದರು, ಆ ತಪ್ಪಿಗೆ ಏನು ಕಾರಣ ಕೊಟ್ಟರು ಎಂಬುದನ್ನು ನೋಡುವುದು ಮೇಲು.

ಭಾಷಾವಿಜ್ಞಾನದ ಸಿದ್ಧಾಂತವನ್ನು ತಂದು ತರಗತಿಯಲ್ಲಿ ಬಳಸುವುದೇ ಅನ್ವಯಿಕ ಭಾಷಾವಿಜ್ಞಾನವಲ್ಲವೇ?

ಶುರುವಾದದ್ದು ಹಾಗೆಯೇ. 1941ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಫ್ರೈಸ್ ಅವರ ನೇತೃತ್ವದಲ್ಲಿ ಇಂಗ್ಲಿಷ್ ಭಾಷಾ ಸಂಸ್ಥೆ ಆರಂಭವಾಯಿತು. 1948ರಲ್ಲಿ ಅಲ್ಲಿಂದಲೇ ‘ಲಾಂಗ್ವೇಜ್ ಲರ್ನಿಂಗ್’ ಪತ್ರಿಕೆ ಹೊರಟಿತು. ‘ಅನ್ವಯಿಕ ಭಾಷಾವಿಜ್ಞಾನ’ ಎಂಬ ಹೆಸರನ್ನು ತನ್ನ ಉಪಶೀರ್ಷಿಕೆಯಲ್ಲಿ ಹೊತ್ತ ಪತ್ರಿಕೆ ಅದು. ಭಾಷೆಯನ್ನು ವರ್ಣಿಸುವುದು ಭಾಷಾವಿಜ್ಞಾನಿಯ ಕೆಲಸ, ಅದನ್ನು ಪಾಠವಾಗಿಸುವುದು ಶಿಕ್ಷಕರ ಕೆಲಸ ಎಂಬ ಹಂಚಿಕೆ ಆಗ ಯಾರಿಗೂ ವಿಚಿತ್ರವೆನಿಸಲಿಲ್ಲ.

ಆಮೇಲೆ ಹೆನ್ರಿ ವಿಡೋಸನ್ ಒಂದು ಗೆರೆ ಎಳೆದರು. ಸಿದ್ಧ ಸಿದ್ಧಾಂತವನ್ನು ತಂದು ಹೊಂದಿಸುವುದು ಒಂದು, ಸಮಸ್ಯೆಯಿಂದ ಹೊರಟು ತನಗೆ ಬೇಕಾದ ಸಿದ್ಧಾಂತವನ್ನು ತಾನೇ ಕಟ್ಟಿಕೊಳ್ಳುವುದು ಇನ್ನೊಂದು. ಈ ಕ್ಷೇತ್ರದ ಕೆಲಸ ಎರಡನೆಯದು ಎಂದರು. ಭಾಷೆಯೇ ಕೇಂದ್ರದಲ್ಲಿರುವ ನಿಜಜೀವನದ ಸಮಸ್ಯೆಗಳ ಅಧ್ಯಯನ ಎಂಬ ಕ್ರಿಸ್ಟೋಫರ್ ಬ್ರಮ್‌ಫಿಟ್ ಅವರ ವಿವರಣೆ ಇಂದು ಬಹುಪಾಲು ಒಪ್ಪಿತ. ಭಾಷಾ ಬೋಧನೆ, ಪರೀಕ್ಷೆ, ಭಾಷಾನೀತಿ, ನ್ಯಾಯಾಲಯದ ಮಾತು, ವೈದ್ಯರು ಮತ್ತು ರೋಗಿಗಳ ಸಂಭಾಷಣೆ, ನಿಘಂಟು ರಚನೆ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ.

ಮೊದಲ ತಲೆಮಾರಿನವರು ಭಾಷೆಯನ್ನು ಏನೆಂದು ಭಾವಿಸಿದ್ದರು?

ರಚನೆಗಳ ಸಮೂಹ ಎಂದು, ಮತ್ತು ರೂಢಿಯಿಂದ ಬರುವಂಥದ್ದು ಎಂದು. ರಚನೆಯ ಕಡೆ ಅಮೆರಿಕದ ಭಾಷಾವಿಜ್ಞಾನಿ ಬ್ಲೂಮ್‌ಫೀಲ್ಡ್ ಪರಂಪರೆ, ಕಲಿಕೆಯ ಕಡೆ, ಕಲಿಕೆಯೆಂದರೆ ಪ್ರಚೋದನೆ ಪ್ರತಿಕ್ರಿಯೆಗಳಿಂದ ಬೆಳೆಯುವ ರೂಢಿ ಎನ್ನುವ ವರ್ತನಾವಾದಿ ಮನೋವಿಜ್ಞಾನ. ಎರಡೂ ಸೇರಿ ಹುಟ್ಟಿದ್ದು ಆಡಿಯೋ-ಲಿಂಗ್ವಲ್ ವಿಧಾನ. ಮಾದರಿ ವಾಕ್ಯ ಕೇಳಿಸು, ಗಟ್ಟಿಯಾಗಿ ಹೇಳಿಸು, ಒಂದು ಪದ ಬದಲಿಸಿ ಮತ್ತೆ ಹೇಳಿಸು, ತಪ್ಪಿದರೆ ತಕ್ಷಣ ತಿದ್ದು. ತಪ್ಪು ಎಂದರೆ ಕೆಟ್ಟ ರೂಢಿಯ ಮೊಳಕೆ, ಅದು ಕಾಣಿಸಿಕೊಳ್ಳಲೇಬಾರದು.

ಆ ತಪ್ಪು ಬರುವುದು ಎಲ್ಲಿಂದ? ಮೊದಲ ಭಾಷೆಯ ರೂಢಿಯಿಂದ ಎಂಬುದು ಆಗಿನ ಉತ್ತರ. 1957ರಲ್ಲಿ ರಾಬರ್ಟ್ ಲಾಡೊ ಇದನ್ನು ಕ್ರಮಬದ್ಧಗೊಳಿಸಿದರು: ಎರಡು ಭಾಷೆಗಳನ್ನು ಎದುರುಬದುರಿಟ್ಟು ಹೋಲಿಸಿದರೆ ಕಷ್ಟ ಎಲ್ಲಿ ಬರುತ್ತದೆಂದು ಮೊದಲೇ ಹೇಳಬಹುದು. ಇದೇ ವ್ಯತಿರೇಕ ವಿಶ್ಲೇಷಣೆ.

ಆ ಊಹೆ ಸುಳ್ಳೇ?

ಪೂರ್ತಿ ಸುಳ್ಳಲ್ಲ. ಕನ್ನಡದಲ್ಲಿ ನಿರ್ಜೀವ ವಸ್ತುಗಳೆಲ್ಲ ನಪುಂಸಕಲಿಂಗ, ಹಿಂದಿಯಲ್ಲಿ ಮೇಜಿಗೂ ಕುರ್ಚಿಗೂ ಸ್ತ್ರೀಲಿಂಗ. ಕನ್ನಡಿಗರು ಹಿಂದಿಯ ಲಿಂಗದಲ್ಲಿ ಎಡವುತ್ತಾರೆ ಎಂದು ಹೋಲಿಕೆಯ ಪಟ್ಟಿ ನೋಡಿಯೇ ಹೇಳಬಹುದು, ಎಡವುತ್ತಾರೆ ಕೂಡ.

ಅದು ಸೋತದ್ದು ಮೂರು ಕಡೆ. ಬಂದೇ ಬರುತ್ತವೆ ಎಂದ ಎಷ್ಟೋ ತಪ್ಪುಗಳು ಬರಲಿಲ್ಲ. ಬೇರೆ ಬೇರೆ ಮಾತೃಭಾಷೆಯವರಲ್ಲಿ ಒಂದೇ ಬಗೆಯ ತಪ್ಪುಗಳು ಕಂಡವು: 1974ರಲ್ಲಿ ಡ್ಯುಲೆ ಮತ್ತು ಬರ್ಟ್, ಸ್ಪ್ಯಾನಿಷ್ ಮತ್ತು ಚೀನಿ ಮಾತಾಡುವ ಮಕ್ಕಳು ಇಂಗ್ಲಿಷಿನ 11 ವ್ಯಾಕರಣಾಂಶಗಳನ್ನು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಕರಗತ ಮಾಡಿಕೊಳ್ಳುತ್ತಾರೆಂದು ತೋರಿಸಿದರು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಭಾಷೆಗಳ ನಡುವಿನ ವ್ಯತ್ಯಾಸ ಭಾಷಾವಿಜ್ಞಾನದ ಸಂಗತಿ, ಕಲಿಯುವಾಗಿನ ಕಷ್ಟ ಮನಸ್ಸಿನ ಸಂಗತಿ. ಮೊದಲನೆಯದು ದೊಡ್ಡದಿದ್ದ ಮಾತ್ರಕ್ಕೆ ಎರಡನೆಯದೂ ದೊಡ್ಡದಿರಬೇಕೆಂದಿಲ್ಲ. ತೀರ ಬೇರೆಯಾದದ್ದು ಕಣ್ಣಿಗೆ ಹೊಡೆದು ಕಾಣುವುದರಿಂದ ಬೇಗ ಕಲಿತುಬಿಡುತ್ತೇವೆ, ಸ್ವಲ್ಪವೇ ಬೇರೆಯಾದದ್ದು ವರ್ಷಗಟ್ಟಲೆ ಕಾಡುತ್ತದೆ.

ಚಾಮ್‌ಸ್ಕಿ ಬಂದ ಮೇಲೆ ಬೋಧನೆ ಬದಲಾಯಿತೇ?

ನೇರವಾಗಿ ಅಲ್ಲ. ವರ್ತನಾವಾದಿ ಮನೋವಿಜ್ಞಾನಿ ಸ್ಕಿನ್ನರ್ ಭಾಷೆಯ ಬಗ್ಗೆ ಬರೆದ ಪುಸ್ತಕಕ್ಕೆ 1959ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಬರೆದ ವಿಮರ್ಶೆ, ಭಾಷೆ ರೂಢಿಯಷ್ಟೇ ಎಂಬ ನಂಬಿಕೆಯ ಬೇರನ್ನು ಅಲುಗಿಸಿತು. ಎಂದೂ ಕೇಳದ ವಾಕ್ಯವನ್ನು ನಾವು ಆಡುತ್ತೇವೆ, ಅರ್ಥಮಾಡಿಕೊಳ್ಳುತ್ತೇವೆ. ಅನುಕರಣೆಯಿಂದ ಇದು ಹೇಗೆ ಸಾಧ್ಯ? ಆದರೆ ಹೊಸ ಬೋಧನಾ ಕ್ರಮವನ್ನು ಅವರು ಕೊಡಲಿಲ್ಲ. ಭಾಷಾವಿಜ್ಞಾನದಿಂದಾಗಲಿ ಮನೋವಿಜ್ಞಾನದಿಂದಾಗಲಿ ಭಾಷಾ ಬೋಧನೆಗೆ ಹೆಚ್ಚಿನ ಪ್ರಯೋಜನವಿದೆಯೇ ಎಂದು ತಮಗೇ ಅನುಮಾನ ಎಂದು 1966ರಲ್ಲಿ ಶಿಕ್ಷಕರ ಸಮ್ಮೇಳನದಲ್ಲಿಯೇ ಹೇಳಿದರು. ‘ಚಾಮ್‌ಸ್ಕಿ ವಿಧಾನದಲ್ಲಿ ಕಲಿಸುತ್ತೇವೆ’ ಎಂಬ ಜಾಹೀರಾತು ಕಂಡರೆ ಮುಂದೆ ಹೋಗಿ.

ಅಂತರಭಾಷೆ ಎಂದರೇನು? ಅದನ್ನು ದೊಡ್ಡ ತಿರುವು ಎನ್ನುವುದೇಕೆ?

ಕನ್ನಡ ಕಲಿಯುತ್ತಿರುವವರು ‘ಅವನು ಪುಸ್ತಕ ಕೊಡಿದ’ ಎಂದರು ಎನ್ನಿ. ಈ ರೂಪವನ್ನು ಅವರು ಯಾರ ಬಾಯಲ್ಲೂ ಕೇಳಿಲ್ಲ. ‘ಮಾಡಿದ, ಹಾಡಿದ, ಓಡಿದ’ ಕೇಳಿದ್ದಾರೆ. ಅದರಿಂದ ನಿಯಮವೊಂದನ್ನು ತಾವೇ ಹೊರತೆಗೆದು ‘ಕೊಡು’ ಧಾತುವಿಗೂ ಹಚ್ಚಿದ್ದಾರೆ. ‘ಕೊಟ್ಟ’ ಬರಲಿಲ್ಲ ಎಂಬುದಷ್ಟೇ ಕೊರತೆ. ಒಳಗೊಂದು ವ್ಯಾಕರಣ ಕೆಲಸ ಮಾಡುತ್ತಿದೆ ಎಂಬುದಕ್ಕೆ ಈ ತಪ್ಪೇ ಸಾಕ್ಷಿ.

ಪಿಟ್ ಕಾರ್ಡರ್ 1967ರಲ್ಲಿ ಮಾಡಿದ ವಾದ ಇದು: ಕಲಿಯುವವರ ದೋಷ ಅಳಿಸಬೇಕಾದ ಕಲೆಯಲ್ಲ, ಓದಬೇಕಾದ ಮಾಹಿತಿ. ಆಯಾಸದಿಂದಲೋ ಅವಸರದಿಂದಲೋ ಆಗುವ ಜಾರಿಕೆಯನ್ನೂ ವ್ಯವಸ್ಥಿತವಾಗಿ ಮರುಕಳಿಸುವ ದೋಷವನ್ನೂ ಅವರು ಬೇರ್ಪಡಿಸಿದರು. 1972ರಲ್ಲಿ ಲ್ಯಾರಿ ಸೆಲಿಂಕರ್, ಮಾತೃಭಾಷೆಯೂ ಅಲ್ಲದ ಗುರಿಭಾಷೆಯೂ ಅಲ್ಲದ ಈ ನಡುವಣ ವ್ಯವಸ್ಥೆಯನ್ನು ಅಂತರಭಾಷೆ ಎಂದು ಕರೆದರು. ಮಾತೃಭಾಷೆಯ ಪ್ರಭಾವ ಅವರು ಪಟ್ಟಿ ಮಾಡಿದ ಐದು ಪ್ರಕ್ರಿಯೆಗಳಲ್ಲಿ ಒಂದು ಮಾತ್ರ. ಉಳಿದವು: ಪಾಠ ಮಾಡಿದ ಬಗೆಯ ಪ್ರಭಾವ, ಕಲಿಕೆಯ ತಂತ್ರ, ಸಂವಹನದ ತಂತ್ರ, ಮತ್ತು ಮೇಲೆ ಕಂಡ ನಿಯಮದ ಅತಿವ್ಯಾಪ್ತಿ.

ಹೀಗೆ ಹತ್ತೇ ವರ್ಷಗಳಲ್ಲಿ ‘ತಪ್ಪು’ ರೋಗದ ಸ್ಥಾನ ಬಿಟ್ಟು ಲಕ್ಷಣದ ಸ್ಥಾನಕ್ಕೆ ಬಂತು.

ನನ್ನ ವಿದ್ಯಾರ್ಥಿಗಳ ಬರಹದ ಮೇಲೆ ದೋಷ ವಿಶ್ಲೇಷಣೆ ಮಾಡಬೇಕು. ಹೇಗೆ?

ಮೊದಲು ಮಾದರಿ. ಒಂದೇ ವಿಷಯ, ಒಂದೇ ಸಮಯಮಿತಿ, ನಿಘಂಟು ಬಳಸಿದ್ದಾರೋ ಇಲ್ಲವೋ ಎಂಬ ಸ್ಪಷ್ಟ ದಾಖಲೆ. ಒಬ್ಬೊಬ್ಬರಿಂದ 200 ಪದಗಳ ಎರಡು ಬರಹ, ಎರಡು ವಾರದ ಅಂತರದಲ್ಲಿ ತೆಗೆದುಕೊಳ್ಳಿ. ಒಂದೇ ಬರಹವಿದ್ದರೆ ಜಾರಿಕೆಯನ್ನೂ ದೋಷವನ್ನೂ ಬೇರ್ಪಡಿಸಲು ದಾರಿಯೇ ಇಲ್ಲ. ಎರಡರಲ್ಲೂ ಬಂದದ್ದು ದೋಷವಾಗಿರುವ ಸಂಭವ ಹೆಚ್ಚು. ಬರೆದವರಿಗೇ ತೋರಿಸಿ ‘ಇಲ್ಲೇನಾದರೂ ಬದಲಿಸುತ್ತೀರಾ’ ಎಂದು ಕೇಳಿ. ತಾವೇ ತಿದ್ದಿದರೆ ಅದು ಜಾರಿಕೆ.

ಗುರುತಿಸುವಾಗ ಪ್ರತಿ ದೋಷದ ಪಕ್ಕ ನೀವು ಊಹಿಸಿದ ಸರಿಯಾದ ರೂಪವನ್ನೂ ಬರೆದಿಡಿ. ಏಕೆಂದರೆ ದೋಷದ ವರ್ಗ ಆ ಊಹೆಯ ಮೇಲೆ ನಿಂತಿರುತ್ತದೆ. ‘ನಾನು ಹಸಿವು ಇದ್ದೇನೆ’ ಎಂಬುದನ್ನು ‘ನನಗೆ ಹಸಿವಾಗಿದೆ’ ಎಂದು ತಿದ್ದಿದರೆ ವಿಭಕ್ತಿಯ ದೋಷ, ‘ನಾನು ಹಸಿದಿದ್ದೇನೆ’ ಎಂದು ತಿದ್ದಿದರೆ ಕ್ರಿಯಾರೂಪದ ದೋಷ. ಎಲ್ಲ ಬರಹಗಳಲ್ಲಿ ಐದನೇ ಒಂದು ಭಾಗವನ್ನಾದರೂ ಇನ್ನೊಬ್ಬರಿಂದ ಪ್ರತ್ಯೇಕವಾಗಿ ಗುರುತು ಹಾಕಿಸಿ, ಹೊಂದಾಣಿಕೆಯನ್ನು, ಆಕಸ್ಮಿಕವಾಗಿ ಆಗುವ ಹೊಂದಿಕೆಯನ್ನು ಕಳೆದು ಲೆಕ್ಕ ಹಾಕುವ ಕೋಹೆನ್ ಕಪ್ಪಾ ಅಳತೆಯಲ್ಲಿ ನೋಡಿ. ಬರಿಯ ಶೇಕಡಾವಾರು ಹೊಂದಾಣಿಕೆ ಯಾವಾಗಲೂ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಎಣಿಸುವಾಗಲೇ ಹೆಚ್ಚಿನವರು ಕೆಡಿಸುವುದು. ‘ಒಟ್ಟು 46 ವಿಭಕ್ತಿ ದೋಷ’ ಎಂಬ ಸಂಖ್ಯೆಗೆ ತಾನಾಗಿ ಯಾವ ಅರ್ಥವೂ ಇಲ್ಲ. ವಿಭಕ್ತಿ ಬರಲೇಬೇಕಾದ ಸಂದರ್ಭ ಎಷ್ಟಿತ್ತು, ಅದರಲ್ಲಿ ಎಷ್ಟು ಕಡೆ ಸರಿ ಬಂತು ಎಂಬ ಅನುಪಾತ ಬೇಕು. 50 ಸಂದರ್ಭಗಳಲ್ಲಿ 46 ತಪ್ಪುವುದಕ್ಕೂ 900ರಲ್ಲಿ 46 ತಪ್ಪುವುದಕ್ಕೂ ಅಜಗಜಾಂತರ.

ಅನುಪಾತವೂ ಹಿಡಿಯಲಾರದ ಒಂದು ಸಂಗತಿ ಇದೆ, ತಪ್ಪಿಸಿಕೊಳ್ಳುವಿಕೆ. 1974ರಲ್ಲಿ ಜ್ಯಾಕ್ಲಿನ್ ಶ್ಯಾಕ್ಟರ್ ಇದನ್ನು ತೋರಿಸಿದರು. ಇಂಗ್ಲಿಷಿನ ಸಂಬಂಧಸೂಚಕ ಉಪವಾಕ್ಯಗಳಲ್ಲಿ (‘who’, ‘which’ ಇರುವಂಥವು) ಚೀನಿ, ಜಪಾನಿ ಮಾತಾಡುವವರು ಪರ್ಷಿಯನ್, ಅರಬ್ಬಿ ಮಾತಾಡುವವರಿಗಿಂತ ಕಡಿಮೆ ತಪ್ಪು ಮಾಡಿದ್ದರು. ಅವರಿಗೆ ಚೆನ್ನಾಗಿ ಬರುತ್ತಿತ್ತು ಎಂದಲ್ಲ. ಆ ರಚನೆಯನ್ನು ಬಳಸಿದ್ದೇ ಬಹಳ ಕಡಿಮೆ. ಆದ್ದರಿಂದ ಪಟ್ಟಿಯಲ್ಲಿ ‘ಬಳಸಿದ ಸಲ’ ಎಂಬ ಕಂಬಸಾಲು ಇಲ್ಲದ ದೋಷ ವಿಶ್ಲೇಷಣೆಯನ್ನು ನಂಬಬೇಡಿ.

‘ಸಂವಹನ ಸಾಮರ್ಥ್ಯ’ ಅಂದರೆ ವ್ಯಾಕರಣ ಬಿಟ್ಟು ಮಾತಾಡಿಸುವುದೇ?

ಅದು ತರಗತಿಗಳಲ್ಲಿ ಹಬ್ಬಿದ ಅಪಾರ್ಥ. ಚಾಮ್‌ಸ್ಕಿ 1965ರಲ್ಲಿ ಏಕರೂಪದ ಸಮಾಜವೊಂದರಲ್ಲಿರುವ ಆದರ್ಶ ಭಾಷಿಕನನ್ನು ಅಧ್ಯಯನದ ಕೇಂದ್ರದಲ್ಲಿಟ್ಟಿದ್ದರು. ವ್ಯಾಕರಣಬದ್ಧವಾದ ವಾಕ್ಯಗಳನ್ನು ಮಾತ್ರ, ಅದೂ ಎಲ್ಲಿ ಬೇಕೆಂದರಲ್ಲಿ ಹೇಳುತ್ತಾ ತಿರುಗುವವನನ್ನು ಜನ ಹುಚ್ಚನೆಂದಾರು ಎಂಬುದು ಡೆಲ್ ಹೈಮ್ಸ್ ಅವರ ಆಕ್ಷೇಪದ ತಿರುಳು. ಒಂದು ಮಾತಿನ ಬಗ್ಗೆ ಅವರು ನಾಲ್ಕು ಪ್ರಶ್ನೆ ಕೇಳಿದರು: ವ್ಯವಸ್ಥೆಯೊಳಗೆ ಅದು ಸಾಧ್ಯವೇ, ಮನುಷ್ಯನ ಶಕ್ತಿಗೆ ನಿಲುಕುವಂಥದ್ದೇ, ಸಂದರ್ಭಕ್ಕೆ ತಕ್ಕದ್ದೇ, ನಿಜವಾಗಿ ಯಾರಾದರೂ ಹಾಗೆ ಆಡುತ್ತಾರೆಯೇ.

ಹಿರಿಯ ಅಧಿಕಾರಿಯ ಮುಂದೆ ‘ನೀನು ಯಾವಾಗ ಬಂದೆ?’ ಎಂದರೆ ವ್ಯಾಕರಣದಲ್ಲಿ ಕೂದಲೆಳೆಯ ದೋಷವಿಲ್ಲ, ಆದರೂ ದೊಡ್ಡ ತಪ್ಪು. ಇಂಥದ್ದನ್ನು ಹಿಡಿಯಲು ಲಾಡೊ ಅವರ ಪಟ್ಟಿಯಲ್ಲಿ ಜಾಗವಿದ್ದರೂ ಅಳೆಯುವ ಉಪಕರಣವಿರಲಿಲ್ಲ. 1980ರಲ್ಲಿ ಕನಾಲ್ ಮತ್ತು ಸ್ವೇನ್ ಸಾಮರ್ಥ್ಯವನ್ನು ವ್ಯಾಕರಣದ್ದು, ಸಾಮಾಜಿಕ ಬಳಕೆಯದ್ದು, ತಂತ್ರಗಳದ್ದು ಎಂದು ವಿಂಗಡಿಸಿದರು. 1983ರಲ್ಲಿ ಕನಾಲ್ ಸಂಕಥನದ, ಅಂದರೆ ವಾಕ್ಯಗಳನ್ನು ಹೆಣೆದು ಒಂದು ಪಠ್ಯವಾಗಿಸುವ, ಸಾಮರ್ಥ್ಯವನ್ನೂ ಸೇರಿಸಿದರು. ವ್ಯಾಕರಣ ಈ ಪಟ್ಟಿಯಲ್ಲಿ ಮೊದಲಿನಿಂದಲೂ ಇದೆ ಎಂಬುದನ್ನು ಗಮನಿಸಿ.

ಹೆಚ್ಚು ಕೇಳಿದರೆ ಸಾಕು, ಭಾಷೆ ತಾನಾಗಿ ಬರುತ್ತದೆ ಎನ್ನುತ್ತಾರಲ್ಲ?

ಅದು ಸ್ಟೀಫನ್ ಕ್ರ್ಯಾಶನ್ ಅವರ ವಾದ: ಈಗಿನ ಮಟ್ಟಕ್ಕಿಂತ ಒಂದು ಹೆಜ್ಜೆ ಮೇಲಿನ, ಆದರೆ ಅರ್ಥವಾಗುವ ಭಾಷೆ ಕಿವಿಗೆ ಬೀಳುತ್ತಿರಬೇಕು. ಕೆನಡಾದ ಫ್ರೆಂಚ್ ಇಮ್ಮರ್ಶನ್ ಶಾಲೆಗಳ ಅನುಭವ ಇದಕ್ಕೆ ತೊಡಕಾಯಿತು. ವರ್ಷಗಟ್ಟಲೆ ಎಲ್ಲ ಪಾಠ ಫ್ರೆಂಚಿನಲ್ಲೇ ಕೇಳಿದ ಮಕ್ಕಳಿಗೆ ಗ್ರಹಿಕೆ ಚೆನ್ನಾಗಿ ಬಂತು. ಮಾತು ಬರಹಗಳ ವ್ಯಾಕರಣ ಹಿಂದೆ ಉಳಿಯಿತು. ಅರ್ಥ ಮಾಡಿಕೊಳ್ಳುವಾಗ ಪ್ರತ್ಯಯವನ್ನು ಗಮನಿಸದೆ ದಾಟಿಬಿಡಬಹುದು, ಹೇಳುವಾಗ ದಾಟಲಾಗದು ಎಂದು ಮೆರಿಲ್ ಸ್ವೇನ್ 1985ರಲ್ಲಿ ವಾದಿಸಿದರು. ಕೇಳಬೇಕು, ಹೇಳಲೂ ಬೇಕು.

ಬೆಂಗಳೂರು ಪ್ರಾಜೆಕ್ಟ್ ಎಂಬುದೇಕೆ ಎಲ್ಲ ಪಠ್ಯಗಳಲ್ಲೂ ಬರುತ್ತದೆ?

ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಅದು. ರೂಪದ ಮೇಲೆ ಹಿಡಿತ ಬರುವುದು ಮನಸ್ಸು ಅರ್ಥದಲ್ಲಿ ಮುಳುಗಿರುವಾಗಲೇ ಎಂಬ ನಂಬಿಕೆಯಿಂದ, ವ್ಯಾಕರಣದ ಅನುಕ್ರಮವನ್ನೇ ಕೈಬಿಟ್ಟು ಪಾಠವನ್ನು ಕೆಲಸಗಳ ಸುತ್ತ ಹೆಣೆದರು: ರೈಲ್ವೆ ವೇಳಾಪಟ್ಟಿ ಓದಿ ಯಾವ ಗಾಡಿ ಹಿಡಿಯಬೇಕೆಂದು ತೀರ್ಮಾನಿಸುವುದು, ನಕ್ಷೆ ನೋಡಿ ದಾರಿ ಕಂಡುಹಿಡಿಯುವುದು ಇತ್ಯಾದಿ. ಒಬ್ಬರಲ್ಲಿರುವ ಮಾಹಿತಿಯನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸ, ತರ್ಕಿಸುವ ಕೆಲಸ, ಅಭಿಪ್ರಾಯ ಹೇಳುವ ಕೆಲಸ ಎಂಬ ಮೂರು ಬಗೆಗಳಲ್ಲಿ ತರ್ಕದ ಕೆಲಸವೇ ಹೆಚ್ಚು ಫಲಕಾರಿ ಎಂದು ಪ್ರಭು ಕಂಡುಕೊಂಡರು. ಆ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಟಾಸ್ಕ್ ಆಧಾರಿತ ಬೋಧನೆಯ ಚರ್ಚೆ ಇಲ್ಲಿಂದ ಶುರುವಾಗುವುದು ಅದಕ್ಕೇ.

ಕಂಪ್ಯೂಟರ್ ಬಂದದ್ದರಿಂದ ಭಾಷೆಯ ಕಲ್ಪನೆ ಬದಲಾದೀತೇ?

ಬದಲಾಯಿತು, ಬಹುಶಃ ಬೇರೆ ಯಾವುದರಿಂದಲೂ ಆಗದಷ್ಟು. ಕಂಪ್ಯೂಟರಿನಲ್ಲಿ ಹುಡುಕಲು ಬರುವಂತೆ ಒಟ್ಟು ಮಾಡಿದ ನಿಜವಾದ ಪಠ್ಯಗಳ ಸಂಗ್ರಹವೇ ಕಾರ್ಪಸ್. 1960ರ ದಶಕದ ಬ್ರೌನ್ ಕಾರ್ಪಸ್‌ನಲ್ಲಿ ಸುಮಾರು 2,000 ಪದಗಳ 500 ಪಠ್ಯಗಳು, ಒಟ್ಟು 10 ಲಕ್ಷ ಪದಗಳಿದ್ದವು. 1990ರ ದಶಕದ ಬ್ರಿಟಿಷ್ ರಾಷ್ಟ್ರೀಯ ಕಾರ್ಪಸ್ 10 ಕೋಟಿ ಪದಗಳದ್ದು, ಅದರಲ್ಲಿ ಒಂದು ಕೋಟಿ ಆಡುಮಾತು. ಈ ನಡುವೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ಸಿಂಕ್ಲೇರ್ ಅವರ ತಂಡ ಕಾರ್ಪಸ್ ಆಧರಿಸಿಯೇ ನಿಘಂಟು ಕಟ್ಟಿತು. 1987ರಲ್ಲಿ ಹೊರಬಂದ ಕೋಬಿಲ್ಡ್ ನಿಘಂಟು ಅದು.

ಅಷ್ಟು ಪಠ್ಯವನ್ನು ಸಾಲುಸಾಲಾಗಿ ಜೋಡಿಸಿ ನೋಡಿದಾಗ ಹಳೆಯ ಚಿತ್ರ ಕದಡಿತು. ವ್ಯಾಕರಣ ಖಾಲಿ ಮನೆಗಳನ್ನು ಕೊಡುತ್ತದೆ, ನಾವು ಪದಗಳನ್ನು ತುಂಬುತ್ತೇವೆ ಎಂಬುದು ಹಳೆಯ ಚಿತ್ರ. ಮಾತಿನ ಬಹುಪಾಲು ಮೊದಲೇ ಅರೆಸಿದ್ಧವಾಗಿರುವ ತುಣುಕುಗಳಿಂದಾದದ್ದು ಎಂಬುದು ಸಿಂಕ್ಲೇರ್ ಅವರ ವಾದ. ಕನ್ನಡದಲ್ಲಿ ಕ್ರಮವನ್ನು ‘ಕೈಗೊಳ್ಳುತ್ತಾರೆ’ ಅಥವಾ ‘ಜರುಗಿಸುತ್ತಾರೆ’. ಕಲಿಯುವವರು ‘ಕ್ರಮ ನಡೆಸಿದರು’ ಎಂದರೆ ಯಾವ ನಿಯಮವೂ ಮುರಿದಿಲ್ಲ, ಆದರೂ ಕಿವಿ ಒಪ್ಪುವುದಿಲ್ಲ. ಈ ‘ತಪ್ಪು’ ಹಿಂದಿನ ಯಾವ ವರ್ಗಕ್ಕೂ ಸೇರದು. ಕೂಡಿ ಬರುವ ರೂಢಿಯೇ ಭಾಷೆಯ ಅಂಗ ಎಂದು ಒಪ್ಪಿಕೊಂಡ ಮೇಲಷ್ಟೇ ಅದಕ್ಕೊಂದು ಹೆಸರು ಸಿಕ್ಕಿತು.

ನಾನೇ ಚಿಕ್ಕ ಕನ್ನಡ ಕಾರ್ಪಸ್ ಮಾಡಿಕೊಂಡರೆ ಎಲ್ಲಿ ಎಚ್ಚರ ಬೇಕು?

ನಾಲ್ಕು ಕಡೆ. ಬರಿಯ ಪತ್ರಿಕಾ ಬರಹ ಸೇರಿಸಿ ಅದನ್ನು ‘ಕನ್ನಡ’ ಎನ್ನಬೇಡಿ: ಅಲ್ಲಿ ‘ಮಾಡುತ್ತೇನೆ’ ಸಿಗುತ್ತದೆ, ‘ಮಾಡ್ತೀನಿ’ ಸಿಗುವುದಿಲ್ಲ. ಅಕ್ಷರ ಸಂಕೇತ ಶುದ್ಧಗೊಳಿಸಿ: ‘ಕಾರ್ಪಸ್‌ನಲ್ಲಿ’ ಎಂಬುದರ ನಡುವೆ ಕಾಣದ ಜೋಡಣೆ ತಡೆಯುವ ಅಕ್ಷರ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಯಂತ್ರ ಅದನ್ನು ಎರಡು ಪದವೆಂದು ಎಣಿಸುತ್ತದೆ. ಪ್ರತ್ಯಯ, ಸಂಧಿ ಬಿಡಿಸದೆ ಪದಗಳ ಆವೃತ್ತಿ ಪಟ್ಟಿ ತೆಗೆದರೆ ‘ಮನೆ, ಮನೆಗೆ, ಮನೆಯಲ್ಲಿದ್ದಾನೆ’ ಮೂರೂ ಬೇರೆ ಬೇರೆಯಾಗಿ ಚದುರುತ್ತವೆ. ಗಾತ್ರ ಬೇರೆಯಿರುವ ಎರಡು ಸಂಗ್ರಹಗಳನ್ನು ಹೋಲಿಸುವಾಗ ಹತ್ತು ಲಕ್ಷಕ್ಕೆ ಎಷ್ಟು ಎಂಬ ಲೆಕ್ಕಕ್ಕೆ ತನ್ನಿ. 2 ಲಕ್ಷ ಪದಗಳಲ್ಲಿ 30 ಸಲ ಬಂದದ್ದು ಹತ್ತು ಲಕ್ಷಕ್ಕೆ 150.

ಕೂಡಿ ಬರುವ ಪದಗಳನ್ನು ಹುಡುಕಲು ಎಡಬಲಕ್ಕೆ ನಾಲ್ಕು ಪದಗಳ ಅಂತರ ವಾಡಿಕೆ. ಜೋಡಿ ಎಷ್ಟು ಗಟ್ಟಿ ಎಂದು ಹೇಳುವ ಅಳತೆಗಳಲ್ಲಿ ಮ್ಯೂಚುಯಲ್ ಇನ್ಫರ್ಮೇಶನ್ ಅಪರೂಪದ ಪದಗಳನ್ನು ಮೇಲೆತ್ತುತ್ತದೆ, ಟಿ-ಸ್ಕೋರ್ ಸಾಮಾನ್ಯ ಪದಗಳನ್ನು ಮೇಲೆತ್ತುತ್ತದೆ. ಎರಡನ್ನೂ ತೆಗೆದು ನೋಡಿ, ಐದಕ್ಕಿಂತ ಕಡಿಮೆ ಸಲ ಬಂದ ಜೋಡಿಗಳನ್ನು ಬದಿಗಿಡಿ.

‘ತಾಯ್ನುಡಿಗರಂತೆ ಮಾತಾಡುವುದು’ ಗುರಿ ಎಂಬುದನ್ನು ಕೈಬಿಟ್ಟದ್ದೇಕೆ?

ಎರಡು ಕಡೆಯಿಂದ ಪ್ರಶ್ನೆ ಎದ್ದಿತು. ಬ್ರಜ್ ಕಚ್ರು 1985ರಲ್ಲಿ ಮಂಡಿಸಿದ, ಇಂಗ್ಲಿಷ್ ತಾಯ್ನುಡಿಯಾಗಿರುವ, ಎರಡನೆಯ ಭಾಷೆಯಾಗಿರುವ, ವಿದೇಶಿ ಭಾಷೆಯಾಗಿರುವ ದೇಶಗಳ ಮೂರು ವೃತ್ತಗಳ ಚಿತ್ರ, ಇಂಗ್ಲಿಷಿನ ಒಡೆತನ ಯಾರದು ಎಂದು ಕೇಳಿತು. ದ್ವಿಭಾಷಿಯೆಂದರೆ ಒಂದೇ ದೇಹದಲ್ಲಿರುವ ಇಬ್ಬರು ಏಕಭಾಷಿಗಳಲ್ಲ ಎಂದು ಫ್ರಾನ್ಸ್ವಾ ಗ್ರೋಜ್ಯಾ 1989ರಲ್ಲಿ ಎಚ್ಚರಿಸಿದರು. ಎರಡು ಭಾಷೆ ಬಲ್ಲವರನ್ನು ಒಂದೇ ಬಲ್ಲವರ ಅಳತೆಗೋಲಿನಲ್ಲಿ ಅಳೆದರೆ ಅವರು ಯಾವಾಗಲೂ ಕಡಿಮೆಯಾಗಿಯೇ ಕಾಣುತ್ತಾರೆ.

ಉಚ್ಚಾರಣೆಯಲ್ಲಿ ಇದರ ಪರಿಣಾಮ ನಿಚ್ಚಳ. ಜೆನಿಫರ್ ಜೆಂಕಿನ್ಸ್ 2000ದಲ್ಲಿ, ಬೇರೆ ಬೇರೆ ಮಾತೃಭಾಷೆಯವರು ಇಂಗ್ಲಿಷಿನಲ್ಲಿ ಮಾತಾಡುವಾಗ ಅರ್ಥ ಕೆಡಿಸುವುದು ಯಾವುದು, ಕೆಡಿಸದಿರುವುದು ಯಾವುದು ಎಂದು ವಿಂಗಡಿಸಿದರು. ಸ್ವರಗಳ ಹ್ರಸ್ವದೀರ್ಘ, ಪದಾರಂಭದ ವ್ಯಂಜನಗುಚ್ಛ, ವಾಕ್ಯದ ಮುಖ್ಯ ಒತ್ತು ಕೆಟ್ಟರೆ ಅರ್ಥ ಕೆಡುತ್ತದೆ. ಹಲ್ಲಿನ ನಡುವೆ ನಾಲಿಗೆ ಇಟ್ಟು ಹೇಳುವ ಆ ‘ಥ’ಕಾರ ಬರದಿದ್ದರೆ ಬಹುಮಟ್ಟಿಗೆ ಏನೂ ಆಗುವುದಿಲ್ಲ. ಅದರ ಮೇಲೆ ವಾರಗಟ್ಟಲೆ ಅಭ್ಯಾಸ ಮಾಡಿಸಿದ ಪುಸ್ತಕಗಳಿಗೆ ಲೆಕ್ಕವಿಲ್ಲ.

ಭಾಷಾ ಸಾಮರ್ಥ್ಯದ ಮಟ್ಟಗಳನ್ನು ವಿವರಿಸುವ ಯುರೋಪಿನ ಸಾಮಾನ್ಯ ಚೌಕಟ್ಟೂ (ಸಿಇಎಫ್‌ಆರ್) ಬದಲಾಯಿತು. 2001ರ ಮೂಲ ಆವೃತ್ತಿಯ ವಿವರಣೆಗಳಲ್ಲಿದ್ದ ನೇಟಿವ್ ಸ್ಪೀಕರ್ ಪ್ರಸ್ತಾಪಗಳನ್ನು 2020ರ ಪೂರಕ ಸಂಪುಟದಲ್ಲಿ ಮಾರ್ಪಡಿಸಿ ಬರೆದಿದ್ದಾರೆ. ನಿಮ್ಮ ಸಂಸ್ಥೆಯ ಮೌಲ್ಯಮಾಪನ ಪಟ್ಟಿ ಹಳೆಯದರ ನಕಲಾಗಿದ್ದರೆ ಮೊದಲು ತಿದ್ದಬೇಕಾದ್ದು ಅಲ್ಲೇ.

ಕೋಡ್ ಮಿಕ್ಸಿಂಗ್‌ಗೂ ಟ್ರಾನ್ಸ್‌ಲಾಂಗ್ವೇಜಿಂಗ್‌ಗೂ ಏನು ವ್ಯತ್ಯಾಸ? ಹೊಸ ಹೆಸರಷ್ಟೇ ಅಲ್ಲವೇ?

ಹಿಂದಿರುವ ಕಲ್ಪನೆ ಬೇರೆ. ಕೋಡ್ ಮಿಕ್ಸಿಂಗ್ ಎನ್ನುವಾಗ ಎರಡು ಪ್ರತ್ಯೇಕ ವ್ಯವಸ್ಥೆಗಳಿವೆ, ಭಾಷಿಕರು ಒಂದರಿಂದ ಇನ್ನೊಂದಕ್ಕೆ ದಾಟುತ್ತಾರೆ ಎಂಬ ನಂಬಿಕೆಯಿದೆ. ಟ್ರಾನ್ಸ್‌ಲಾಂಗ್ವೇಜಿಂಗ್ ಪ್ರತಿಪಾದಕರಿಗೆ ಇರುವುದು ಒಂದೇ ಭಂಡಾರ. ಭಾಷೆಗಳಿಗೆ ಹೆಸರಿಟ್ಟು ಗಡಿ ಎಳೆದದ್ದು ಸಮಾಜ, ಶಾಲೆ, ಸರ್ಕಾರ. ಈ ಪದದ ಮೂಲ ವೇಲ್ಸ್‌ನಲ್ಲಿ. 1994ರಲ್ಲಿ ಕೆನ್ ವಿಲಿಯಮ್ಸ್ ವಿವರಿಸಿದ್ದು ಸರಳವಾದ ತರಗತಿ ತಂತ್ರವನ್ನು: ಒಂದು ಭಾಷೆಯಲ್ಲಿ ಓದು, ಇನ್ನೊಂದರಲ್ಲಿ ಬರೆ. ಒಫೆಲಿಯಾ ಗಾರ್ಸಿಯಾ 2009ರ ನಂತರ ಅದನ್ನು ಸಿದ್ಧಾಂತದ ಮಟ್ಟಕ್ಕೆ ಏರಿಸಿದರು.

ಗಡಿಗಳು ಸಡಿಲ ಎಂಬುದಕ್ಕೆ ಹಳೆಯ ಸಾಕ್ಷಿ ಬೇಕಿದ್ದರೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಕುಪವಾಡ ಅಧ್ಯಯನ ನೋಡಿ. ಕರ್ನಾಟಕದ ಗಡಿಗೆ ಹತ್ತಿರದ ಆ ಮಹಾರಾಷ್ಟ್ರದ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು ನೂರಾರು ವರ್ಷ ಒಟ್ಟಿಗೆ ಬದುಕಿ, ವಾಕ್ಯರಚನೆ ಪದಕ್ಕೆ ಪದ ಹೊಂದುವಷ್ಟು ಹತ್ತಿರ ಬಂದಿದ್ದವು. ಬೇರೆಯಾಗಿ ಉಳಿದದ್ದು ಮುಖ್ಯವಾಗಿ ಪದಗಳು. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತದೆ. ಭಾಷೆಗಳು ಒಂದಾಗಿ ಕರಗಲಿಲ್ಲ, ಏಕೆಂದರೆ ಸಮುದಾಯದ ಗುರುತು ಪದಗಳಲ್ಲಿತ್ತು. ಭಾಷೆಯ ಗಡಿ ಬರೀ ಕಟ್ಟುಕತೆ ಎನ್ನುವವರು ಈ ಭಾಗವನ್ನು ಓದಿದಂತೆ ಕಾಣುವುದಿಲ್ಲ. ಹೆಸರುಳ್ಳ ಭಾಷೆಗಳೇ ಇಲ್ಲವೆಂದರೆ ಸಣ್ಣ ಭಾಷೆಗಳ ಹಕ್ಕನ್ನು ಯಾವ ಹೆಸರಲ್ಲಿ ಕೇಳುವುದು ಎಂಬ ಆಕ್ಷೇಪಕ್ಕೂ ತೃಪ್ತಿಕರ ಉತ್ತರ ಬಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ತರಗತಿಯಲ್ಲಿ ಮಾಡುವುದಾದರೆ ಯಾವ ಹಂತದಲ್ಲಿ ಯಾವ ಭಾಷೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಯೋಜನೆಯಿಲ್ಲದೆ ಬಿಟ್ಟರೆ ಬಲವಾದ ಭಾಷೆಯೇ ಪೂರ್ತಿ ಪಾಠವನ್ನು ನುಂಗುತ್ತದೆ.

‘ಸಾಮಾಜಿಕ ತಿರುವು’ ಯಾವಾಗ ಆಯಿತು?

ಕಲಿಕೆಯನ್ನು ಒಬ್ಬರ ತಲೆಯೊಳಗಿನ ಪ್ರಕ್ರಿಯೆ ಎಂದಷ್ಟೇ ನೋಡದೆ ಜನರ ನಡುವಿನ ಬಳಕೆಯಾಗಿಯೂ ನೋಡತೊಡಗಿದ ಈ ತಿರುವಿಗೆ ಸಾಮಾನ್ಯವಾಗಿ 1997ನ್ನು ಹೆಸರಿಸುತ್ತಾರೆ. ಆ ವರ್ಷ ಫರ್ತ್ ಮತ್ತು ವ್ಯಾಗ್ನರ್, ಕಲಿಯುವವರನ್ನು ಸದಾ ಕೊರತೆಯುಳ್ಳವರೆಂದು ನೋಡುವ ಸಂಶೋಧನೆಯನ್ನು ಪ್ರಶ್ನಿಸಿ ಬರೆದರು. ಅದಕ್ಕೆ ಬಂದ ಉತ್ತರಗಳನ್ನೂ ಓದಿ: ಬಳಕೆ ಬೇರೆ, ಕಲಿಕೆ ಬೇರೆ ಎಂಬ ಪ್ರತಿವಾದ ಇಂದಿಗೂ ಗಟ್ಟಿಯಾಗಿದೆ.

ಭಾಷೆ ‘ಸಂಕೀರ್ಣ ವ್ಯವಸ್ಥೆ’ ಎನ್ನುವುದರಿಂದ ಸಂಶೋಧಕರಿಗೆ ಏನು ಬದಲಾಗುತ್ತದೆ?

ಹಲವು ಅಂಶಗಳು ಒಂದನ್ನೊಂದು ಬದಲಿಸುತ್ತಾ ಸದಾ ಮಾರ್ಪಡುವ ವ್ಯವಸ್ಥೆ ಭಾಷೆ ಎಂದಾದರೆ, ಸರಾಸರಿಯ ಮೇಲಿನ ನಂಬಿಕೆ ಹೋಗುತ್ತದೆ. ಡಯಾನ್ ಲಾರ್ಸನ್-ಫ್ರೀಮನ್ 1997ರಲ್ಲಿ ಈ ದೃಷ್ಟಿಯನ್ನು ಮಂಡಿಸಿ, 2006ರಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಐವರು ಚೀನೀಯರ ಬೆಳವಣಿಗೆಯನ್ನು ಆರು ತಿಂಗಳ ಅವಧಿಯಲ್ಲಿ ಪರಿಶೀಲಿಸಿದರು. ಗುಂಪಿನ ಸರಾಸರಿ ನಯವಾಗಿ ಮೇಲೇರಿತು. ಒಬ್ಬೊಬ್ಬರ ಗೆರೆ ಬಿಡಿಸಿದರೆ ಒಬ್ಬರದು ಏರಿತ್ತು, ಇನ್ನೊಬ್ಬರದು ಇಳಿದಿತ್ತು. ನಿಮ್ಮ ಮಾಹಿತಿಯಲ್ಲೂ ಪ್ರತಿಯೊಬ್ಬರ ಗೆರೆಯನ್ನು ಬೇರೆ ಎಳೆಯಿರಿ. ಅಳತೆ ಎರಡೇ ಸಲ ಆಗಿದ್ದರೆ ಇದು ಸಾಧ್ಯವಿಲ್ಲ: ಎರಡು ಬಿಂದುಗಳ ನಡುವೆ ಸರಳರೇಖೆ ಬಿಟ್ಟು ಬೇರೇನೂ ಕಾಣಿಸದು.

ಕೈಯಲ್ಲಿರುವ ಪಠ್ಯಪುಸ್ತಕ ಯಾವ ಕಲ್ಪನೆಯ ಮೇಲೆ ನಿಂತಿದೆ ಎಂದು ಹೇಗೆ ತಿಳಿಯುವುದು?

ಮುನ್ನುಡಿ ಓದಬೇಡಿ, ಅಲ್ಲಿ ಎಲ್ಲರೂ ಸಂವಹನವಾದಿಗಳೇ. ಪರಿವಿಡಿ ನೋಡಿ. ಪಾಠಗಳ ಹೆಸರು ಕಾಲ, ವಿಭಕ್ತಿ ಎಂದಿದ್ದರೆ ರಚನಾವಾದ. ‘ಕ್ಷಮೆ ಕೇಳುವುದು’, ‘ದಾರಿ ಕೇಳುವುದು’ ಎಂದಿದ್ದರೆ 1970ರ ದಶಕದ ಕಾರ್ಯಸೂಚಕ ಪಠ್ಯಕ್ರಮ. ಮಾಡಿ ಮುಗಿಸಬೇಕಾದ ಕೆಲಸವಿದ್ದರೆ ಟಾಸ್ಕ್ ಆಧಾರಿತ. ಆಮೇಲೆ ಕೊನೆಯ ಉತ್ತರ ಪುಟಕ್ಕೆ ಹೋಗಿ. ಪ್ರತಿ ಪ್ರಶ್ನೆಗೂ ಒಂದೇ ಉತ್ತರವಿದ್ದರೆ ಪರಿವಿಡಿ ಏನೇ ಹೇಳಲಿ, ಪುಸ್ತಕ ನಂಬಿರುವುದು ಮಿಶಿಗನ್ ಕಾಲದ ಭಾಷೆಯನ್ನು.

ಪ್ರಬಂಧಕ್ಕೆ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ? ಇತ್ತೀಚಿನದೇ ಸರಿಯಲ್ಲವೇ?

ಇತ್ತೀಚಿನದು ಎಂಬ ಕಾರಣಕ್ಕೆ ಬೇಡ. ಹಳೆಯವು ಸತ್ತಿಲ್ಲ, ವ್ಯತಿರೇಕ ವಿಶ್ಲೇಷಣೆ ಇಂದು ಭಾಷೆಗಳ ಪರಸ್ಪರ ಪ್ರಭಾವದ ಅಧ್ಯಯನವಾಗಿ ಚೆನ್ನಾಗಿಯೇ ಬದುಕಿದೆ. ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಅದರ ಕೆಳಗೆ ‘ಇಲ್ಲಿ ಯಾವುದು ತಪ್ಪು ಎಂದು ಎಣಿಸಲ್ಪಡುತ್ತದೆ, ಎಣಿಸುವವರು ಯಾರು’ ಎಂಬುದಕ್ಕೆ ಉತ್ತರ ಬರೆಯಿರಿ. ಎರಡನೆಯ ಸಾಲು ನಿಮಗೆ ಬೇಕಾದ ಸಿದ್ಧಾಂತವನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಪ್ರಬಂಧಗಳು ಹೆಚ್ಚಾಗಿ ಎಡವುವುದು ಎರಡನೇ ಅಧ್ಯಾಯಕ್ಕೂ ನಾಲ್ಕನೆಯದಕ್ಕೂ ನಡುವೆ: ಎರಡನೆಯದರಲ್ಲಿ ಒಂದೇ ಭಂಡಾರ, ಗಡಿಯಿಲ್ಲದ ಭಾಷೆ ಎಂದು ಬರೆದು, ನಾಲ್ಕನೆಯದರಲ್ಲಿ ‘ಮಾತೃಭಾಷೆಯ ಹಸ್ತಕ್ಷೇಪ: ಶೇಕಡಾ ಇಷ್ಟು’ ಎಂಬ ಕೋಷ್ಟಕ ಹಾಕಿರುತ್ತಾರೆ. ಪರೀಕ್ಷಕರು ಮೊದಲು ಕೈ ಇಡುವುದು ಅಲ್ಲೇ.